ಮೂಕಿ ಸಿನಿಮಾ ತೊದಲುವ ಕೂಸಲ್ಲ

ಸಿನಿಮಾದ ಚರಿತ್ರೆಯನ್ನು ನಾವು ಒಂದು ಕೂಸು ಬೆಳೆದ ಕತೆಯ ಹಾಗೆ ಹೇಳಿಕೊಂಡು ಬಂದಿದ್ದೇವೆ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ ಕೊಂಡ ಜನಕ್ಕೆ ಚಲಿಸುವ ಚಿತ್ರ ತೋರಿಸಿದರು, ಕೂಸು ಹುಟ್ಟಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಅದು ಕೈಸನ್ನೆ, ಕಣ್ಸನ್ನೆಗಳಲ್ಲೇ ಕಾಲ ಕಳೆಯಿತು. 1927ರ ಅಕ್ಟೋಬರ್‌ನಲ್ಲಿ ‘ದಿ ಜಾಝ್ ಸಿಂಗರ್’ ಬಿಡುಗಡೆಯಾದಾಗ ಅದಕ್ಕೆ ಮಾತು ಬಂತು. ಆಮೇಲೆ ಬಣ್ಣ ಬಂತು, ಅಗಲ ಪರದೆ ಬಂತು, ಕಂಪ್ಯೂಟರ್ ಬಂತು. ಹೇಳುವುದಕ್ಕೆ ಸುಲಭವಾದ, ಕೇಳುವುದಕ್ಕೆ ಹಿತವಾದ ಈ ಕತೆಯಲ್ಲಿ ಒಂದು ದೊಡ್ಡ ತಪ್ಪಿದೆ. ಮಾತು ಬಂದ ಹೊತ್ತಿಗೆ ಸಿನಿಮಾ ಮಾತಿಗಾಗಿ ಕಾಯುತ್ತಿರಲಿಲ್ಲ. 1924ರಿಂದ 1929ರವರೆಗಿನ ಐದಾರು ವರ್ಷಗಳಲ್ಲಿ ತಯಾರಾದ ಅತ್ಯುತ್ತಮ ಮೂಕಿ ಚಿತ್ರಗಳನ್ನು ಸಾಲಾಗಿ ನೋಡಿದವರಿಗೆ, ತನಗೇನು ಬೇಕು, ಅದನ್ನು ಹೇಗೆ ಹೇಳಬೇಕು ಎಂಬುದೆಲ್ಲ ಖಚಿತವಾಗಿ ಗೊತ್ತಿದ್ದ ಒಂದು ಪ್ರೌಢ ಕಲೆ ಕಾಣುತ್ತದೆ. ಟಾಕಿ, ಅಂದರೆ ಮಾತಿನ ಚಿತ್ರ, ಆ ಕಲೆಯ ಮುಂದಿನ ತರಗತಿ ಆಗಿರಲಿಲ್ಲ. ಅದು ಬೇರೆಯೇ ಒಂದು ಕಲೆ. ಅದರ ಗೆಲುವಿನ ರಭಸಕ್ಕೆ ಸಿಕ್ಕಿ ಮೊದಲಿನ ಕಲೆ ತನ್ನ ಉತ್ತುಂಗದಲ್ಲಿರುವಾಗಲೇ ಕಡಿದುಹೋಯಿತು. ಮೂಕಿ ಕಾಲದ ಒಳ್ಳೆಯ ಚಿತ್ರಗಳನ್ನು ಇಂದು ಕೊಂಡಾಡುವುದಾದರೆ ಈ ತಿಳಿವಳಿಕೆಯಿಂದ ಕೊಂಡಾಡಬೇಕು ಎಂಬುದು ನನ್ನ ವಾದ. ‘ಆ ಕಾಲಕ್ಕೆ ಪರವಾಗಿಲ್ಲ’ ಎಂಬ ರಿಯಾಯಿತಿ ಅವಕ್ಕೆ ಬೇಕಿಲ್ಲ.

ಈ ರಿಯಾಯಿತಿಯ ಮನೋಭಾವ ನಮಗೆ ಎಲ್ಲಿಂದ ಬಂತು? ಬಹುಮಟ್ಟಿಗೆ ಒಂದು ಯಾಂತ್ರಿಕ ಎಡವಟ್ಟಿನಿಂದ. ಮೂಕಿ ಚಿತ್ರವೆಂದರೆ ಜನ ಬಿರುಸಾಗಿ, ಜರ್ಕು ಹೊಡೆಯುತ್ತ ಓಡಾಡುವ ಮಸುಕು ಚಿತ್ರ ಎಂಬ ಕಲ್ಪನೆ ಹೆಚ್ಚಿನವರಲ್ಲಿದೆ. ಆ ದಿನಗಳಲ್ಲಿ ಕ್ಯಾಮೆರಾವನ್ನು ಕೈಯಲ್ಲಿ ಹಿಡಿಕೆ ತಿರುಗಿಸಿ ಓಡಿಸುತ್ತಿದ್ದರು. ಸೆಕೆಂಡಿಗೆ ಹದಿನಾರೋ ಹದಿನೆಂಟೋ ಇಪ್ಪತ್ತೋ ಫ್ರೇಮ್ ಓಡುತ್ತಿತ್ತು. ದೃಶ್ಯದ ಅಗತ್ಯಕ್ಕೆ ತಕ್ಕಂತೆ ಛಾಯಾಗ್ರಾಹಕ ವೇಗವನ್ನು ಏರಿಸಿ ಇಳಿಸುತ್ತಿದ್ದ. ಧ್ವನಿ ಸೇರಿದ ಮೇಲೆ ವೇಗ ಒಂದೇ ಸಮನಾಗಿರಲೇಬೇಕಾಯಿತು. ಇಲ್ಲವಾದರೆ ದನಿ ಒಡೆಯುತ್ತದೆ. ಹಾಗಾಗಿ ಸೆಕೆಂಡಿಗೆ 24 ಫ್ರೇಮ್ ಎಂಬುದು ನಿಯಮವಾಯಿತು. ಹದಿನೆಂಟರ ವೇಗದಲ್ಲಿ ತೆಗೆದ ಚಿತ್ರವನ್ನು ಇಪ್ಪತ್ತನಾಲ್ಕರಲ್ಲಿ ಓಡಿಸಿದರೆ ಶವಯಾತ್ರೆಯೂ ನಗೆಯ ಮೆರವಣಿಗೆ ಆಗಿಬಿಡುತ್ತದೆ. ಇದರ ಜೊತೆಗೆ, ಪ್ರತಿಯಿಂದ ಪ್ರತಿ ತೆಗೆದು ತೆಗೆದು ಬಿಳಿಚಿಕೊಂಡ ಮುಖಗಳು, ಗೀರುಬಿದ್ದ ಚೌಕಟ್ಟುಗಳು. ಮೂಲ ನೈಟ್ರೇಟ್ ಪ್ರತಿಯಿಂದ ಸರಿಯಾಗಿ ಮರುರೂಪಿಸಿ, ಸರಿಯಾದ ವೇಗದಲ್ಲಿ ತೋರಿಸಿದ ಮೂಕಿ ಚಿತ್ರದ ಬೆಳಕು ನೆರಳಿನ ಹದ ಇವತ್ತಿನ ಯಾವ ಛಾಯಾಗ್ರಾಹಕನೂ ಅಸೂಯೆಪಡುವಂಥದ್ದು. ಇನ್ನು ‘ಮೂಕಿ’ ಎನ್ನುವ ಹೆಸರು ಚಿತ್ರಕ್ಕೆ ಹೊಂದಿದರೂ ಪ್ರದರ್ಶನಕ್ಕೆ ಹೊಂದುವುದಿಲ್ಲ. ಯುರೋಪಿನ ದೊಡ್ಡ ಚಿತ್ರಮಂದಿರಗಳಲ್ಲಿ ವಾದ್ಯವೃಂದವಿತ್ತು, ಸಣ್ಣವುಗಳಲ್ಲಿ ಪಿಯಾನೋ ಇತ್ತು. ನಮ್ಮಲ್ಲಿ ಹಾರ್ಮೋನಿಯಂ, ತಬಲಾ ಇದ್ದವು. ಜಪಾನಿನಲ್ಲಿ ಬೆನ್ಷಿ ಎಂಬ ಕತೆಗಾರ ಪರದೆಯ ಪಕ್ಕದಲ್ಲಿ ನಿಂತು ಎಲ್ಲ ಪಾತ್ರಗಳಿಗೂ ದನಿ ಕೊಡುತ್ತಿದ್ದ. ಅವನ ಹೆಸರು ನೋಡಿಯೇ ಜನ ಟಿಕೆಟ್ ಕೊಳ್ಳುತ್ತಿದ್ದರು.

ಈಗ ಚಿತ್ರಗಳಿಗೆ ಬರೋಣ. 1924ರಲ್ಲಿ ಜರ್ಮನಿಯ ಎಫ್.ಡಬ್ಲ್ಯು. ಮುರ್ನಾವ್ ತೆಗೆದ ‘ದಿ ಲಾಸ್ಟ್ ಲಾಫ್’ ಚಿತ್ರದ ಕತೆ ಎರಡು ಸಾಲಿನದು. ದೊಡ್ಡ ಹೋಟೆಲೊಂದರ ಬಾಗಿಲಲ್ಲಿ ಚಿನ್ನದ ಗುಂಡಿಯ ಕೋಟು ತೊಟ್ಟು ನಿಲ್ಲುವ ಮುದಿ ದ್ವಾರಪಾಲಕನಿಗೆ ಪೆಟ್ಟಿಗೆ ಎತ್ತುವ ಕಸುವು ಸಾಲದೆ ಹೋಗುತ್ತದೆ. ಮಾಲೀಕರು ಅವನ ಕೋಟು ಬಿಚ್ಚಿಸಿ ಶೌಚಾಲಯ ನೋಡಿಕೊಳ್ಳುವ ಕೆಲಸಕ್ಕೆ ಹಾಕುತ್ತಾರೆ. ಅವನ ವಠಾರದ ಜನ ಇಷ್ಟು ದಿನ ಗೌರವ ಕೊಟ್ಟಿದ್ದು ಆ ಕೋಟಿಗೆ. ಕೋಟು ಹೋದದ್ದೇ ಗೌರವವೂ ಹೋಯಿತು. ಎಮಿಲ್ ಯಾನಿಂಗ್ಸ್ ಎಂಬ ನಟ ಆ ಬದಲಾವಣೆಯನ್ನು ಬೆನ್ನಿನಲ್ಲಿ ತೋರಿಸುತ್ತಾನೆ. ಕೋಟು ಇದ್ದಾಗ ನೆಟ್ಟಗಿದ್ದ ಬೆನ್ನು, ಅದು ಹೋದ ಮರುಗಳಿಗೆ ಹತ್ತು ವರ್ಷ ಹೆಚ್ಚಿನ ಮುದಿತನಕ್ಕೆ ಕುಸಿಯುತ್ತದೆ. ಇಡೀ ಚಿತ್ರದಲ್ಲಿ ಪಾತ್ರಗಳ ಸಂಭಾಷಣೆಯನ್ನು ಬರೆದು ತೋರಿಸುವ ಟೈಟಲ್ ಕಾರ್ಡ್ ಇಲ್ಲವೇ ಇಲ್ಲ. ಒಂದೇ ಒಂದು ಕಾರ್ಡು ಕೊನೆಯ ಭಾಗಕ್ಕೆ ಮುನ್ನ ಬರುತ್ತದೆ, ಅದೂ ಚಿತ್ರ ಮಾಡಿದವರ ಮಾತಾಗಿ. ಮೂಕಿ ಚಿತ್ರ ಅಕ್ಷರದ ಊರುಗೋಲು ಹಿಡಿದೇ ನಡೆಯಿತು ಎನ್ನುವವರಿಗೆ ಇದೇ ಉತ್ತರ. ಛಾಯಾಗ್ರಾಹಕ ಕಾರ್ಲ್ ಫ್ರಾಯ್ಂಡ್ ಕ್ಯಾಮೆರಾವನ್ನು ಮುಕ್ಕಾಲಿಯಿಂದ ಬಿಡಿಸಿ ತನ್ನ ಎದೆಗೆ ಕಟ್ಟಿಕೊಂಡ, ಸೈಕಲ್ಲಿನ ಮೇಲೆ ಇಟ್ಟ. ಚಿತ್ರದ ಮೊದಲ ದೃಶ್ಯದಲ್ಲೇ ಕ್ಯಾಮೆರಾ ಲಿಫ್ಟಿನಲ್ಲಿ ಕೆಳಗಿಳಿದು, ಹೋಟೆಲಿನ ಪಡಸಾಲೆ ಹಾದು, ತಿರುಗುವ ಬಾಗಿಲಿನವರೆಗೆ ಸಾಗುತ್ತದೆ. ಆ ಚಲನೆ ಬರೀ ಚಮತ್ಕಾರವಲ್ಲ. ಇಡೀ ಕತೆ ಮೇಲಿಂದ ಕೆಳಗೆ ಇಳಿಯುವುದರ ಕತೆ, ಬಾಗಿಲಿನ ಒಳಗೆ ಹೊರಗೆ ಆಗುವವರ ಕತೆ. ಅದನ್ನು ಕ್ಯಾಮೆರಾ ಮೊದಲ ನಿಮಿಷದಲ್ಲೇ ಹೇಳಿ ಮುಗಿಸಿರುತ್ತದೆ.

ಮುರ್ನಾವ್ ಆಮೇಲೆ ಅಮೆರಿಕಕ್ಕೆ ಹೋಗಿ 1927ರಲ್ಲಿ ‘ಸನ್‌ರೈಸ್’ ತೆಗೆದ. ಹಳ್ಳಿಯ ರೈತನೊಬ್ಬ ಪಟ್ಟಣದ ಹೆಣ್ಣಿನ ಮೋಹಕ್ಕೆ ಬಿದ್ದು, ದೋಣಿಯಲ್ಲಿ ಕರೆದೊಯ್ದು ಹೆಂಡತಿಯನ್ನು ಮುಳುಗಿಸಲು ಹೊರಡುತ್ತಾನೆ, ಕೈಬಾರದೆ ನಿಲ್ಲುತ್ತಾನೆ, ಗಂಡಹೆಂಡಿರು ಮತ್ತೆ ಒಂದಾಗುತ್ತಾರೆ. ಯಾವ ಲಾವಣಿಯಲ್ಲಾದರೂ ಸಿಗಬಹುದಾದ ಕತೆ. ಮುಳುಗಿಸುವ ಸಲಹೆ ಬರುವ ಟೈಟಲ್ ಕಾರ್ಡಿನಲ್ಲಿ ಅಕ್ಷರಗಳೇ ನೀರಿಗೆ ಬಿದ್ದಂತೆ ಕರಗಿ ಕೆಳಗೆ ಜಾರುತ್ತವೆ. ಬರಹವನ್ನೂ ಚಿತ್ರವಾಗಿಸುವ ಈ ಆತ್ಮವಿಶ್ವಾಸ ಹಸುಳೆ ಕಲೆಯದ್ದಲ್ಲ. ಆದರೆ ಆ ಚಿತ್ರದ ಹೃದಯ ಇರುವುದು ಟ್ರಾಮ್ ಬಂಡಿಯ ದೃಶ್ಯದಲ್ಲಿ. ದೋಣಿ ದಡ ಮುಟ್ಟಿದೊಡನೆ ಹೆಂಡತಿ ಪ್ರಾಣಭಯದಿಂದ ಓಡಿ ಟ್ರಾಮ್ ಹತ್ತುತ್ತಾಳೆ, ಅವನೂ ಹಿಂದೆಯೇ ಹತ್ತುತ್ತಾನೆ. ಇಬ್ಬರೂ ಕುಗ್ಗಿ ನಿಂತಿರುತ್ತಾರೆ. ಕಿಟಕಿಯಾಚೆ ಕಾಡು ಸರಿಯುತ್ತದೆ, ಕೆರೆ ಸರಿಯುತ್ತದೆ, ಕಾರ್ಖಾನೆಗಳು ಬರುತ್ತವೆ, ಪಟ್ಟಣ ಬರುತ್ತದೆ. ಅವರಿಬ್ಬರೂ ಅದೊಂದನ್ನೂ ನೋಡುತ್ತಿಲ್ಲ. ತನ್ನನ್ನು ಕೊಲ್ಲಲು ಬಂದವನ ಪಕ್ಕದಲ್ಲಿ ಅವಳು, ತಾನು ಮಾಡಲಿದ್ದುದರ ನಾಚಿಕೆಯಲ್ಲಿ ಅವನು. ಈ ದೃಶ್ಯಕ್ಕೆ ಒಂದು ಸಾಲು ಸಂಭಾಷಣೆ ಸೇರಿಸಿ ನೋಡಿ. ಅವನು ‘ನನ್ನನ್ನು ಕ್ಷಮಿಸು’ ಎನ್ನಲಿ, ಅವಳು ‘ಹತ್ತಿರ ಬರಬೇಡ’ ಎನ್ನಲಿ. ದೃಶ್ಯ ಅಲ್ಲಿಗೆ ಸಾಯುತ್ತದೆ. ಇಲ್ಲಿ ಮಾತಿಲ್ಲದಿರುವುದು ಕೊರತೆಯಲ್ಲ, ಆ ಸನ್ನಿವೇಶದ ಸತ್ಯವೇ ಅದು. 1929ರ ಮೇ 16ರಂದು ನಡೆದ ಮೊಟ್ಟಮೊದಲ ಆಸ್ಕರ್ ಸಮಾರಂಭದಲ್ಲಿ ಕಲಾತ್ಮಕ ಚಿತ್ರಕ್ಕೆಂದು ಪ್ರತ್ಯೇಕವಾಗಿ ಇಟ್ಟಿದ್ದ ಪ್ರಶಸ್ತಿ ಈ ಚಿತ್ರಕ್ಕೆ ಸಂದಿತು; ಮಾರನೆಯ ವರ್ಷದಿಂದ ಆ ಪ್ರಶಸ್ತಿಯೇ ಇಲ್ಲವಾಯಿತು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ 2012ರಲ್ಲಿ ಜಗತ್ತಿನ ವಿಮರ್ಶಕರನ್ನು ಕೇಳಿ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡಿದಾಗ ಮೊದಲ ಹತ್ತರಲ್ಲಿ ಮೂರು ಮೂಕಿಗಳಿದ್ದವು: ‘ಸನ್‌ರೈಸ್’, ಸೋವಿಯತ್ ನಿರ್ದೇಶಕ ಜಿಗಾ ವೆರ್ತೊವ್‌ನ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’, ಡೆನ್ಮಾರ್ಕಿನ ಕಾರ್ಲ್ ಡ್ರೇಯರ್ ಫ್ರಾನ್ಸಿನಲ್ಲಿ ತೆಗೆದ ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’. ಮೂರೂ 1927ರಿಂದ 1929ರ ನಡುವಿನವು. ಕಲೆಯೊಂದು ತನ್ನ ಶಿಖರ ಮುಟ್ಟಿದ ಕಾಲ ಯಾವುದು ಎಂದು ಇದಕ್ಕಿಂತ ಸ್ಪಷ್ಟವಾಗಿ ತಿಳಿಯಬೇಕಿಲ್ಲ.

ಮೂಕಿ ಚಿತ್ರದ ನಟನೆ ಅತಿಯಾಯಿತು, ಕಣ್ಣರಳಿಸಿ ಎದೆಬಡಿದುಕೊಳ್ಳುವ ಆರ್ಭಟ ಇವತ್ತು ಸಹಿಸಲಾಗದು ಎಂಬುದು ಮತ್ತೊಂದು ಆಕ್ಷೇಪ. ಸಾಧಾರಣ ಚಿತ್ರಗಳ ಮಟ್ಟಿಗೆ ಇದು ನಿಜ. ಸಾಧಾರಣ ಟಾಕಿಗಳ ಕಿರುಚಾಟವೂ ಅಷ್ಟೇ ನಿಜ. ಆದರೆ ನಾಟ್ಯಶಾಸ್ತ್ರದ ನೆನಪಿರುವ ನಾಡಿನವರಾದ ನಾವು ಈ ಆಕ್ಷೇಪವನ್ನು ಪಶ್ಚಿಮದವರಿಂದ ಎರವಲು ತಂದು ಹಾಗೆಯೇ ಒಪ್ಪಿಸುವ ಅಗತ್ಯವಿಲ್ಲ. ಭರತ ಅಭಿನಯವನ್ನು ನಾಲ್ಕಾಗಿ ವಿಂಗಡಿಸಿದ: ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಮೂಕಿ ಚಿತ್ರ ಕಳೆದುಕೊಂಡದ್ದು ವಾಚಿಕವೊಂದನ್ನು. ಯಕ್ಷಗಾನದ ವೇಷಧಾರಿ ಮಾತಿಲ್ಲದೆ ರಂಗವನ್ನು ಆಳುವುದನ್ನು ನೋಡಿದವರು ಉಳಿದ ಮೂರರ ಶಕ್ತಿಯನ್ನು ಯಾರಿಂದಲೂ ಕಲಿಯಬೇಕಿಲ್ಲ. ‘ದಿ ಲಾಸ್ಟ್ ಲಾಫ್’ ಆಹಾರ್ಯದ ಮೇಲೇ ಕಟ್ಟಿದ ಚಿತ್ರ. ಅಲ್ಲಿ ವೇಷವೇ ವಸ್ತು. ಡ್ರೇಯರ್ 1928ರಲ್ಲಿ ಇನ್ನೊಂದು ತುದಿಗೆ ಹೋದ. ಜೋನ್‌ಳ ವಿಚಾರಣೆಯ 1431ರ ದಾಖಲೆಗಳನ್ನೇ ಆಧಾರವಾಗಿಟ್ಟುಕೊಂಡು, ನಟರಿಗೆ ಬಣ್ಣ ಹಚ್ಚಿಸದೆ, ಚಿತ್ರದ ಬಹುಭಾಗವನ್ನು ಮುಖಗಳ ಕ್ಲೋಸ್‌ಅಪ್‌ಗಳಲ್ಲಿ ತೆಗೆದ. ಚರ್ಮದ ರಂಧ್ರ, ತುಟಿಯ ಬಿರುಕು, ನ್ಯಾಯಾಧೀಶರ ಗಂಟಲ ನೆರಿಗೆ ಎಲ್ಲವೂ ಕಾಣುತ್ತವೆ. ಜೋನ್ ಆಗಿ ನಟಿಸಿದ ಫಾಲ್ಕೊನೆಟ್ಟಿಯ ಮುಖದಲ್ಲಿ ಭಯ, ಭಕ್ತಿ, ಆಯಾಸ, ಹಟ ಒಂದರೊಳಗೊಂದು ಸೇರಿ ಬರುತ್ತವೆ. ಯಾವುದು ಎಲ್ಲಿ ಮುಗಿಯಿತೆಂದು ಹೇಳಲಾಗದು. ಆಹಾರ್ಯವನ್ನು ಕಳಚಿ, ವಾಚಿಕವನ್ನು ಫಲಕಗಳಿಗೆ ಬಿಟ್ಟು, ಆಂಗಿಕವನ್ನು ಕತ್ತಿನ ಮೇಲಿನ ಭಾಗಕ್ಕೆ ಸೀಮಿತಗೊಳಿಸಿದಾಗ ಉಳಿಯುವುದು ಶುದ್ಧ ಸಾತ್ವಿಕ. ರಂಗದ ಮೇಲೆ ಕೊನೆಯ ಸಾಲಿನವನಿಗೆ ಕಾಣಿಸಲಾಗದ ಕಣ್ಣೀರನ್ನು ಕ್ಯಾಮೆರಾ ಕಾಣಿಸಿತು. ಈ ಚಿತ್ರವನ್ನು ‘ಅತಿ ನಟನೆ’ ಎನ್ನಬಲ್ಲವರು ಇದ್ದಾರೆಂದು ನನಗೆ ತೋರುವುದಿಲ್ಲ.

ಅಭಿನಯದ ಈ ಎಚ್ಚರ ನಮ್ಮಲ್ಲೂ ಇತ್ತು ಎನ್ನುವುದಕ್ಕೆ ಅದೃಷ್ಟವಶಾತ್ ಒಂದು ಪುರಾವೆ ಉಳಿದಿದೆ. ದಾದಾಸಾಹೇಬ್ ಫಾಲ್ಕೆ 1919ರಲ್ಲಿ ತೆಗೆದ ‘ಕಾಲಿಯ ಮರ್ದನ’ದಲ್ಲಿ ಬಾಲಕೃಷ್ಣನಾಗಿ ನಟಿಸಿದ್ದು ಅವರ ಏಳು ವರ್ಷದ ಮಗಳು ಮಂದಾಕಿನಿ. ಚಿತ್ರ ಕತೆಯಿಂದ ಆರಂಭವಾಗುವುದಿಲ್ಲ. ಮೊದಲು ಆ ಹುಡುಗಿಯ ಮುಖ ಬರುತ್ತದೆ. ಅವಳು ಒಂದರ ಹಿಂದೊಂದು ಭಾವಗಳನ್ನು ಮಾಡಿ ತೋರಿಸುತ್ತಾಳೆ. ಮುಖಭಾವಗಳ ಅಭ್ಯಾಸ ಎಂದೇ ಅದಕ್ಕೆ ಫಲಕ ಹಾಕಲಾಗಿದೆ. ಆಮೇಲೆ ಅವಳೇ ಕೃಷ್ಣನಾಗುತ್ತಾಳೆ. ‘ಇದು ಪವಾಡವಲ್ಲ, ಕಲೆ; ನೋಡಿ, ಹೀಗೆ ಮಾಡುತ್ತೇವೆ’ ಎಂದು ಪ್ರೇಕ್ಷಕನಿಗೆ ಮೊದಲೇ ಹೇಳಿ, ಬಳಿಕ ಅವನನ್ನು ಪವಾಡಕ್ಕೆ ಒಪ್ಪಿಸುವ ಧೈರ್ಯ ಅದು. ಫಾಲ್ಕೆಯವರನ್ನು ನಾವು ‘ಮೊದಲಿಗರು’ ಎಂದು ಗೌರವಿಸಿ ಅಲ್ಲಿಗೇ ಬಿಡುತ್ತೇವೆ. 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡದ್ದು, ಹೆಣ್ಣು ಪಾತ್ರಕ್ಕೆ ಹೆಂಗಸರು ಸಿಗದೆ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಅಣ್ಣಾ ಸಾಳುಂಕೆ ತಾರಾಮತಿಯಾದದ್ದು ಎಲ್ಲರಿಗೂ ಗೊತ್ತು. ಅದೇ ಸಾಳುಂಕೆ 1917ರ ‘ಲಂಕಾ ದಹನ’ದಲ್ಲಿ ರಾಮನೂ ಆದ, ಸೀತೆಯೂ ಆದ. ಈ ಸಂಗತಿಗಳನ್ನು ಕೌತುಕವಾಗಿ ಹೇಳುವಾಗ ಫಾಲ್ಕೆಯ ಕಲೆಗಾರಿಕೆ ಮರೆತುಹೋಗುತ್ತದೆ. ಟ್ರಿಕ್ ಛಾಯಾಗ್ರಹಣವನ್ನು ಫ್ರಾನ್ಸಿನ ಜಾರ್ಜ್ ಮೆಲಿಯೇಸ್ 1902ರ ‘ಎ ಟ್ರಿಪ್ ಟು ದ ಮೂನ್’ನಲ್ಲಿ ಕಲ್ಪನೆಯ ಆಟಕ್ಕೆ ಬಳಸಿದ್ದರೆ, ಫಾಲ್ಕೆ ಅದನ್ನು ಜನ ನಂಬಿ ಬದುಕುತ್ತಿದ್ದ ಪುರಾಣಕ್ಕೆ ಬಳಸಿದರು. ಎರಡರ ಯಂತ್ರ ಒಂದೇ, ಪ್ರೇಕ್ಷಕನ ಜೊತೆಗಿನ ಸಂಬಂಧ ಬೇರೆ.

ಮಾತು ಇಲ್ಲದ್ದು ಆ ಕಾಲದ ತಾಂತ್ರಿಕ ಬಡತನ, ಅದನ್ನೇ ಕಲೆಯ ತತ್ವವಾಗಿ ಹೊಗಳುವುದು ಸರಿಯೇ ಎಂದು ಕೇಳಬಹುದು. ಬಡತನದಿಂದ ಆರಂಭವಾದದ್ದು ನಿಜ. ಅದು ಬಡತನವಾಗಿಯೇ ಉಳಿಯಿತೇ ಎಂಬುದು ಮುಖ್ಯ ಪ್ರಶ್ನೆ. ಇದಕ್ಕೆ ಚಾರ್ಲಿ ಚಾಪ್ಲಿನ್ ಕೊಟ್ಟ ಉತ್ತರ ಸಾಕು. ಟಾಕಿ ಬಂದು ಮೂರು ವರ್ಷ ಕಳೆದು, ಹಾಲಿವುಡ್ ಪೂರ್ತಿ ಮಾತಿಗೆ ಹೊರಳಿದ ಮೇಲೆ, 1931ರಲ್ಲಿ ಅವನು ತನ್ನ ಸ್ವಂತ ದುಡ್ಡಿನಲ್ಲಿ ಸಂಭಾಷಣೆಯಿಲ್ಲದ ‘ಸಿಟಿ ಲೈಟ್ಸ್’ ತಂದ. ಅದರಲ್ಲಿ ಧ್ವನಿಪಥವಿದೆ, ಅವನೇ ರಚಿಸಿದ ಸಂಗೀತವಿದೆ. ಮಾತನ್ನು ಮಾತ್ರ ಬೇಕೆಂದೇ ಹೊರಗಿಟ್ಟ. ಕೊನೆಯಲ್ಲಿ, ಕಣ್ಣು ಬಂದ ಹೂವಾಡಗಿತ್ತಿ ಎದುರಿಗಿರುವ ಭಿಕಾರಿಯನ್ನು ಕಣ್ಣಿಂದ ಗುರುತಿಸುವುದಿಲ್ಲ, ಅವನ ಕೈಗೆ ನಾಣ್ಯ ಕೊಡುವಾಗ ಸ್ಪರ್ಶದಿಂದ ಗುರುತಿಸುತ್ತಾಳೆ. ಕುರುಡಿಯಾಗಿದ್ದಾಗ ಅವನನ್ನು ದನಿಯಿಂದ ಅರಿತಿದ್ದವಳು ಅವಳು. ಚಿತ್ರ ಮಾತಿನದಾಗಿದ್ದರೆ ಅವನು ಬಾಯಿ ತೆರೆದ ಕ್ಷಣವೇ ಗುಟ್ಟು ಒಡೆಯುತ್ತಿತ್ತು. ಬಸ್ಟರ್ ಕೀಟನ್‌ನ ದಾರಿ ಇನ್ನೂ ಕಠಿಣ. 1926ರ ‘ದಿ ಜನರಲ್’ನಲ್ಲಿ, ಪ್ರೇಯಸಿಯಿಂದ ತಿರಸ್ಕೃತನಾದ ಎಂಜಿನ್ ಡ್ರೈವರ್ ತನ್ನ ಉಗಿಬಂಡಿಯ ಗಾಲಿಗಳನ್ನು ಜೋಡಿಸುವ ಸರಳಿನ ಮೇಲೆ ಸಪ್ಪಗೆ ಕುಳಿತಿರುತ್ತಾನೆ. ಬಂಡಿ ಹೊರಡುತ್ತದೆ, ಸರಳು ಅವನನ್ನು ಎತ್ತಿ ಇಳಿಸುತ್ತ ಒಯ್ಯುತ್ತದೆ, ಅವನಿಗೆ ಪರಿವೆಯೇ ಇಲ್ಲ. ಗಾಲಿ ಒಮ್ಮೆ ಜಾರಿ ತಿರುಗಿದ್ದರೆ ನಟನ ಜೀವ ಹೋಗುತ್ತಿತ್ತು. ಅದೇ ಚಿತ್ರದಲ್ಲಿ ಉರಿಯುವ ಸೇತುವೆಯ ಮೇಲಿಂದ ನಿಜವಾದ ಎಂಜಿನ್ ನದಿಗೆ ಬೀಳುತ್ತದೆ. ಮತ್ತೆ ತೆಗೆಯುವ ಅವಕಾಶವಿಲ್ಲದ ಒಂದೇ ಷಾಟ್. ಕೀಟನ್ ಇದನ್ನೆಲ್ಲ ದೂರದಿಂದ, ಕತ್ತರಿ ಹಾಕದೆ, ಇಡೀ ದೇಹ ಕಾಣುವಂತೆ ತೋರಿಸುತ್ತಾನೆ. ಚಿತ್ರ ಆಗ ಸೋತಿತು. ಎರಡು ವರ್ಷದಲ್ಲಿ ಅವನು ಸ್ವಾತಂತ್ರ್ಯ ಕಳೆದುಕೊಂಡು ದೊಡ್ಡ ಸ್ಟುಡಿಯೋದ ಸಂಬಳದ ನಟನಾದ.

ಹೊಗಳುವ ಭರದಲ್ಲಿ ಮುಚ್ಚಿಡಬಾರದ ಸಂಗತಿಯೂ ಇದೆ. ಸಂಕಲನದ ವ್ಯಾಕರಣವನ್ನು ಗಟ್ಟಿ ಮಾಡಿದ ಡಿ.ಡಬ್ಲ್ಯು. ಗ್ರಿಫಿತ್‌ನ 1915ರ ‘ದಿ ಬರ್ತ್ ಆಫ್ ಎ ನೇಷನ್’ ಕರಿಯರನ್ನು ಕ್ರೂರಿಗಳಾಗಿ ಚಿತ್ರಿಸಿ ಕು ಕ್ಲುಕ್ಸ್ ಕ್ಲಾನ್ ಗುಂಪನ್ನು ವೀರರನ್ನಾಗಿಸಿತು. ಆ ಗುಂಪು ಅದೇ ವರ್ಷ ಮತ್ತೆ ತಲೆಯೆತ್ತಿತು. ತಂತ್ರಕ್ಕಾಗಿ ಅದನ್ನು ಶ್ರೇಷ್ಠ ಎನ್ನುವ ಹಳೆಯ ರೂಢಿಯನ್ನು ನಾನು ಒಪ್ಪಲಾರೆ. ಆ ತಂತ್ರ ಪರಿಣಾಮಕಾರಿ ಆಗಿತ್ತು ಎಂಬುದೇ ಅದರ ಅಪಾಯ. ಮೂಕಿ ಸಿನಿಮಾ ಪ್ರೌಢ ಕಲೆಯಾಗಿತ್ತು ಎನ್ನುವವರು ಅದರ ಪಾಪಗಳಿಗೂ ಪ್ರೌಢರ ಹೊಣೆಯನ್ನೇ ಹೊರಿಸಬೇಕಾಗುತ್ತದೆ. ಸೆರ್ಗೈ ಐಸೆನ್‌ಸ್ಟೈನ್‌ನ ‘ಬ್ಯಾಟಲ್‌ಶಿಪ್ ಪೊಟೆಮ್‌ಕಿನ್’ (1925) ಪ್ರಚಾರ ಚಿತ್ರವೇ. ಒಡೆಸ್ಸಾ ಮೆಟ್ಟಿಲುಗಳ ಹತ್ಯಾಕಾಂಡ ಅದರಲ್ಲಿ ಕಾಣುವ ರೂಪದಲ್ಲಿ ನಡೆದದ್ದಲ್ಲ. ಆದರೂ ಅಲ್ಲಿ ಗುಂಡು ಹಾರಿಸುವವರಿಗೆ ಮುಖವಿಲ್ಲ, ಸಾಯುವವರಿಗೆಲ್ಲ ಮುಖವಿದೆ. ಗ್ರಿಫಿತ್ ಮಾಡಿದ್ದಕ್ಕೂ ಇದಕ್ಕೂ ಇರುವ ನೈತಿಕ ಅಂತರ ಅದು.

ಕನ್ನಡದ ಓದುಗರು ಎತ್ತಬಹುದಾದ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು. ಟಾಕಿ ಬಾರದೆ ಹೋಗಿದ್ದರೆ ಕನ್ನಡ ಸಿನಿಮಾ ಎಂಬುದು ಎಲ್ಲಿರುತ್ತಿತ್ತು? 1931ರ ಮಾರ್ಚ್ 14ರಂದು ಭಾರತದ ಮೊದಲ ಟಾಕಿ ‘ಆಲಂ ಆರಾ’ ಮುಂಬಯಿಯ ಮೆಜೆಸ್ಟಿಕ್‌ನಲ್ಲಿ ಬಂತು. ಮೂರು ವರ್ಷದೊಳಗೆ, 1934ರಲ್ಲಿ, ವೈ.ವಿ. ರಾವ್ ನಿರ್ದೇಶನದ ‘ಸತಿ ಸುಲೋಚನಾ’ ತೆರೆಕಂಡಿತು; ಪರದೆಯ ಮೇಲಿಂದ ಮೊದಲ ಬಾರಿಗೆ ಕನ್ನಡದ ಜನ ತಮ್ಮ ನುಡಿ ಕೇಳಿದರು. ಅಕ್ಷರ ಬಾರದ ಬಹುಸಂಖ್ಯಾತರಿಗೆ ಟೈಟಲ್ ಕಾರ್ಡುಗಳಿಂದ ಬಿಡುಗಡೆ ಸಿಕ್ಕಿತು. ಹಾಡು ಬಂತು. ಈ ಲಾಭವನ್ನು ಅಲ್ಲಗಳೆಯುವವನು ನಾನಲ್ಲ; ಅದು ಒಂದು ನುಡಿಸಮುದಾಯದ ಬಾಳಿನಲ್ಲಿ ಸಣ್ಣ ಸಂಗತಿಯೂ ಅಲ್ಲ. ಆದರೆ ಲಾಭದ ಜೊತೆಗೇ ಆದ ನಷ್ಟವನ್ನೂ ಎಣಿಸಬೇಕು. ಆರಂಭದ ಟಾಕಿಗಳಲ್ಲಿ ಕ್ಯಾಮೆರಾದ ಸದ್ದು ಮೈಕಿಗೆ ಕೇಳಬಾರದೆಂದು ಅದನ್ನು ಗೂಡಿನಲ್ಲಿ ಕೂಡಿಹಾಕಿದರು. ಮೈಕಿದ್ದ ಕಡೆಗೆ ಮುಖಮಾಡಿ ನಟರು ನಿಂತರು. ಮುರ್ನಾವ್ ಮುಕ್ಕಾಲಿಯಿಂದ ಬಿಡಿಸಿದ್ದ ಕ್ಯಾಮೆರಾ ಮತ್ತೆ ಕಟ್ಟಿಗೆ ಬಿತ್ತು. ಹಾಲಿವುಡ್ ಕೆಲವೇ ವರ್ಷಗಳಲ್ಲಿ ಇದರಿಂದ ಪಾರಾಯಿತು. ನಮ್ಮಲ್ಲಿ ಟಾಕಿಗಳಿಗೆ ಕತೆ, ನಟರು, ಮಾತಿನ ಧಾಟಿ ಎಲ್ಲ ವೃತ್ತಿ ನಾಟಕ ಕಂಪನಿಗಳಿಂದ ಬಂದುದರಿಂದ ಪರದೆ ಬಹುಕಾಲ ರಂಗವೇ ಆಗಿ ಉಳಿಯಿತು. ಕಂಪನಿ ನಾಟಕ ತನ್ನ ಜಾಗದಲ್ಲಿ ದೊಡ್ಡ ಕಲೆ. ಅದನ್ನು ಎದುರಿನಿಂದ ಚಿತ್ರೀಕರಿಸಿದಾಗ ನಾಟಕಕ್ಕೂ ನ್ಯಾಯ ಸಿಗಲಿಲ್ಲ, ಸಿನಿಮಾಕ್ಕೂ ಸಿಗಲಿಲ್ಲ.

ಕರ್ನಾಟಕದಲ್ಲೂ ಮೂಕಿಯ ಪ್ರಯೋಗಗಳು ನಡೆದದ್ದನ್ನು ಇಲ್ಲಿ ನೆನೆಯಬೇಕು. 1930ರ ಆಸುಪಾಸಿನಲ್ಲಿ ಗುಬ್ಬಿ ವೀರಣ್ಣನವರು ಮೂಕಿ ಚಿತ್ರಗಳ ನಿರ್ಮಾಣಕ್ಕೆ ಕೈಹಾಕಿದರು. ಮೋಹನ್ ಭಾವನಾನಿ ಶೂದ್ರಕನ ‘ಮೃಚ್ಛಕಟಿಕ’ವನ್ನು ಚಿತ್ರವಾಗಿಸಿದಾಗ ಟಿ.ಪಿ. ಕೈಲಾಸಂ, ಕಮಲಾದೇವಿ ಚಟ್ಟೋಪಾಧ್ಯಾಯ ಅದರಲ್ಲಿ ಪಾತ್ರ ವಹಿಸಿದರು. ಶಿವರಾಮ ಕಾರಂತರು ‘ಡೊಮಿಂಗೊ’ ಎಂಬ ಮೂಕಿ ತೆಗೆದರು. ಸಂಭಾಷಣೆಗೇ ಹೆಸರಾದ ಕೈಲಾಸಂ ಮಾತಿಲ್ಲದ ಚಿತ್ರದಲ್ಲಿ, ಮುಂದೆ ಯಕ್ಷಗಾನವನ್ನು ಮಾತಿಲ್ಲದ ಬ್ಯಾಲೆಯಾಗಿಸಿದ ಕಾರಂತರು ಕ್ಯಾಮೆರಾದ ಹಿಂದೆ! ಇವು ನಮಗಿಂದು ಬಹುಪಾಲು ಹೆಸರಿನಿಂದಷ್ಟೇ ಪರಿಚಿತ. ಮಾತಿಲ್ಲದೆಯೂ ನಮ್ಮ ಪ್ರೇಕ್ಷಕರನ್ನು ಹಿಡಿದಿಡಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅರ್ಧ ಶತಮಾನದ ಬಳಿಕ, ಬೆಂಗಳೂರಿನಲ್ಲೇ. ಶೃಂಗಾರ್ ನಾಗರಾಜ್ ನಿರ್ಮಿಸಿ ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶಿಸಿದ 1987ರ ‘ಪುಷ್ಪಕ ವಿಮಾನ’ದಲ್ಲಿ ಸಂಭಾಷಣೆಯೇ ಇಲ್ಲ. ಬೀದಿಯ ಸದ್ದಿದೆ, ಸಂಗೀತವಿದೆ. ನಿರುದ್ಯೋಗಿ ತರುಣನೊಬ್ಬ ಕುಡುಕ ಸಿರಿವಂತನನ್ನು ಕೂಡಿಹಾಕಿ ಅವನ ಹೋಟೆಲ್ ಕೋಣೆಯಲ್ಲಿ ವಾಸಿಸುವ ಕತೆಯನ್ನು ಭಾಷೆಯ ಗಡಿಯಿಲ್ಲದೆ ದಕ್ಷಿಣದ ಎಲ್ಲ ರಾಜ್ಯಗಳ ಜನ ನೋಡಿದರು. ಗಲಾಟೆಯಿಲ್ಲದೆ ಮಲಗಿ ಅಭ್ಯಾಸವಿಲ್ಲದ ಆ ತರುಣ ಐಷಾರಾಮಿ ಕೋಣೆಯ ನಿಶ್ಶಬ್ದದಲ್ಲಿ ನಿದ್ದೆ ಬಾರದೆ, ತನ್ನ ಹಳೆಯ ಕೋಣೆಯ ಪಕ್ಕದ ಚಿತ್ರಮಂದಿರದ ಸದ್ದನ್ನು ಧ್ವನಿಮುದ್ರಿಸಿ ತಂದು ಕೇಳುತ್ತ ಮಲಗುತ್ತಾನೆ. ಕೀಟನ್ ನೋಡಿದ್ದರೆ ಮೆಚ್ಚುತ್ತಿದ್ದ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಅಡ್ಡಿ ಎದುರಿಗೆ ನಿಲ್ಲುತ್ತದೆ. ‘ಅತ್ಯುತ್ತಮ’ ಎಂದು ಆರಿಸುವುದಕ್ಕೆ ಎಲ್ಲವೂ ಕಣ್ಣಮುಂದೆ ಇರಬೇಕು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ತಯಾರಾದ ಸುಮಾರು 11,000 ಪೂರ್ಣಾವಧಿ ಮೂಕಿ ಚಿತ್ರಗಳಲ್ಲಿ ಶೇ 70ರಷ್ಟು ಪೂರ್ತಿ ನಾಶವಾಗಿವೆ. ಮೂಲ ರೂಪದಲ್ಲಿ ಉಳಿದದ್ದು ಶೇ 14 ಮಾತ್ರ. ಭಾರತದ ಸ್ಥಿತಿ ಇನ್ನೂ ದಾರುಣ. ಸುಮಾರು 1,300 ಮೂಕಿಗಳು ತಯಾರಾದ ನಾಡಿನಲ್ಲಿ ಉಳಿದವು ಮೂವತ್ತನ್ನು ದಾಟುವುದಿಲ್ಲ, ಅವುಗಳಲ್ಲೂ ಹಲವು ತುಣುಕುಗಳು. ‘ರಾಜಾ ಹರಿಶ್ಚಂದ್ರ’ದ ನಾಲ್ಕು ರೀಲುಗಳಲ್ಲಿ ಮೊದಲನೆಯದು ಮತ್ತು ಕೊನೆಯದು ಸಿಕ್ಕಿವೆ, ಅವೂ ಫಾಲ್ಕೆ 1917ರಲ್ಲಿ ಮರಳಿ ತೆಗೆದ ಚಿತ್ರದವು ಎಂಬ ವಾದವಿದೆ. ಆ ಕಾಲದ ನೈಟ್ರೇಟ್ ಫಿಲ್ಮು ತಾನಾಗಿ ಕೊಳೆಯುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಅದರಲ್ಲಿದ್ದ ಬೆಳ್ಳಿಗಾಗಿ ಕರಗಿಸಿದವರೂ ಇದ್ದರು. ಟಾಕಿ ಬಂದ ಮೇಲೆ ಹಳೆಯ ರೀಲು ಗೋದಾಮಿಗೆ ಹೊರೆ ಎನಿಸಿತು. 1937ರಲ್ಲಿ ನ್ಯೂಜೆರ್ಸಿಯ ಫಾಕ್ಸ್ ಕಂಪನಿಯ ಉಗ್ರಾಣಕ್ಕೆ ಬೆಂಕಿ ಬಿದ್ದು ಅದರ ಮೂಕಿ ಸಂಗ್ರಹದ ಬಹುಭಾಗ ಸುಟ್ಟಿತು. ಪುಣೆಯಲ್ಲಿ 2003ರಷ್ಟು ಈಚೆಗೆ ನೈಟ್ರೇಟ್ ರೀಲುಗಳ ಉಗ್ರಾಣ ಉರಿಯಿತು. 1964ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕಾಗಿ ಪಿ.ಕೆ. ನಾಯರ್ ಊರೂರು ಅಲೆದು ಹಳೆಯ ಡಬ್ಬಗಳನ್ನು ತರದೆ ಇದ್ದಿದ್ದರೆ ಫಾಲ್ಕೆಯೂ ನಮಗೆ ಬರಿಯ ಹೆಸರಾಗಿರುತ್ತಿದ್ದರು. ಹಿಮಾಂಶು ರಾಯ್ ಮತ್ತು ಫ್ರಾಂಜ್ ಓಸ್ಟೆನ್ ಜೋಡಿಯ ‘ಶಿರಾಝ್’ (1928), ‘ಎ ಥ್ರೋ ಆಫ್ ಡೈಸ್’ (1929) ಇಷ್ಟು ಚೆನ್ನಾಗಿ ಉಳಿದದ್ದು ಅವುಗಳ ಪ್ರತಿಗಳು ಯುರೋಪಿಗೆ ಹೋಗಿದ್ದರಿಂದ.

ಹಾಗಾದರೆ ಉಳಿದವನ್ನೇ ಉತ್ತಮ ಎನ್ನುತ್ತಿದ್ದೇವೆಯೇ? ಒಂದು ಮಟ್ಟಿಗೆ ಹೌದು. ಆದರೆ ಸಿಕ್ಕಿರುವ ಸಾಕ್ಷ್ಯ ನನ್ನ ವಾದವನ್ನು ದುರ್ಬಲಗೊಳಿಸುವುದಿಲ್ಲ. ಕಳೆದದ್ದು ಮರಳಿ ಸಿಕ್ಕಾಗಲೆಲ್ಲ ಆ ಕಾಲದ ಎತ್ತರ ಏರಿದೆಯೇ ಹೊರತು ಇಳಿದಿಲ್ಲ. ಡ್ರೇಯರ್‌ನ ಜೋನ್ ಚಿತ್ರದ ಮೂಲ ನೆಗೆಟಿವ್ ಬೆಂಕಿಗೆ ಆಹುತಿಯಾಗಿ, ದಶಕಗಳ ಕಾಲ ಜನ ನೋಡಿದ್ದು ಕತ್ತರಿಸಿದ, ತಿದ್ದಿದ ರೂಪಗಳನ್ನು. 1981ರಲ್ಲಿ ಓಸ್ಲೋ ಬಳಿಯ ಮಾನಸಿಕ ಆಸ್ಪತ್ರೆಯೊಂದರಲ್ಲಿ ಮೊದಲಿನ ಆವೃತ್ತಿಯ ಪೂರ್ಣ ಪ್ರತಿ ಸಿಕ್ಕಿತು. ಮಹಾಕೃತಿ ಎಂದು ಎಲ್ಲರೂ ನಂಬಿದ್ದ ಚಿತ್ರ ಅದಕ್ಕಿಂತ ದೊಡ್ಡದಾಗಿತ್ತು ಎಂದು ಆಗ ತಿಳಿಯಿತು. ಫ್ರಿಟ್ಜ್ ಲಾಂಗ್‌ನ ‘ಮೆಟ್ರೊಪೊಲಿಸ್’ 1927ರ ಮೊದಲ ಪ್ರದರ್ಶನದ ಬಳಿಕ ತುಂಡರಿಸಿಕೊಂಡು, ಕಣ್ಣಿಗೆ ಹಬ್ಬವಾದರೂ ಕತೆ ಗೊಂದಲದ ಚಿತ್ರ ಎನಿಸಿಕೊಂಡಿತ್ತು. 2008ರಲ್ಲಿ ಬ್ಯೂನಸ್ ಐರಿಸ್‌ನ ಸಿನಿಮಾ ವಸ್ತುಸಂಗ್ರಹಾಲಯದಲ್ಲಿ ಗೀರುಬಿದ್ದ 16 ಮಿ.ಮೀ. ಪ್ರತಿಯೊಂದು ಸಿಕ್ಕಿ, ಬಿಟ್ಟುಹೋಗಿದ್ದ ಸುಮಾರು 25 ನಿಮಿಷ ಮರಳಿ ಸೇರಿದ ಮೇಲೆ ಪಾತ್ರಗಳ ನಡೆಗೆ ಕಾರಣ ಕಂಡಿತು. ಗೊಂದಲ ಇದ್ದದ್ದು ಲಾಂಗ್‌ನ ಕತೆಯಲ್ಲಿ ಅಷ್ಟಲ್ಲ, ಕತ್ತರಿ ಹಿಡಿದವರ ಕೈಯಲ್ಲಿ.

ಇಂದಿನ ಪ್ರೇಕ್ಷಕರಿಗೆ ಇವು ನಿಧಾನ ಎನಿಸುತ್ತವೆ ಎಂಬ ಮಾತು ಉಳಿಯಿತು. ನಿಧಾನವೆನಿಸಲು ಮುಖ್ಯ ಕಾರಣ, ನಾವು ಸಿನಿಮಾವನ್ನು ಕಿವಿಯಿಂದ ನೋಡುವುದನ್ನು ರೂಢಿಸಿಕೊಂಡಿರುವುದು. ಫೋನಿನಲ್ಲಿ ಏನೋ ಓದುತ್ತ, ಅಡುಗೆ ಮಾಡುತ್ತ ಸಂಭಾಷಣೆ ಕೇಳಿಸಿಕೊಂಡರೆ ಕತೆ ತಿಳಿಯುತ್ತದೆ. ಮೂಕಿ ಚಿತ್ರದಲ್ಲಿ ಅರ್ಧ ನಿಮಿಷ ಕಣ್ಣು ತೆಗೆದರೂ ಎಳೆ ತಪ್ಪುತ್ತದೆ. ಆದ್ದರಿಂದ ಇವನ್ನು ನೋಡುವ ರೀತಿ ಬೇರೆಯಾಗಬೇಕು: ಕತ್ತಲೆ ಕೋಣೆ, ಆದಷ್ಟು ದೊಡ್ಡ ಪರದೆ, ಮರುರೂಪಿಸಿದ ಒಳ್ಳೆಯ ಪ್ರತಿ, ಚಿತ್ರಕ್ಕೆಂದೇ ರಚಿಸಿದ ಸಂಗೀತ. ‘ಶಿರಾಝ್’ಗೆ 2017ರಲ್ಲಿ ಅನೌಷ್ಕಾ ಶಂಕರ್ ಹೊಸ ಸಂಗೀತ ಕೊಟ್ಟರು, ‘ಎ ಥ್ರೋ ಆಫ್ ಡೈಸ್’ಗೆ ನಿತಿನ್ ಸಾಹ್ನಿ ಕೊಟ್ಟಿದ್ದಾರೆ. ಮಕ್ಕಳಿರುವ ಮನೆಯವರು ಕೀಟನ್‌ನಿಂದ ಶುರುಮಾಡಲಿ. ಅವನಿಗೆ ಪೀಠಿಕೆ ಬೇಕಾಗದು. ಬಳಿಕ ‘ಸಿಟಿ ಲೈಟ್ಸ್’, ಆಮೇಲೆ ‘ಸನ್‌ರೈಸ್’. ಡ್ರೇಯರ್‌ನನ್ನು ಒಂದು ಸಂಜೆ ಪೂರ್ತಿ ಬಿಡುವು ಮಾಡಿಕೊಂಡು ಒಬ್ಬರೇ ನೋಡುವುದು ಒಳ್ಳೆಯದು. 1929 ಮತ್ತು ಅದಕ್ಕೂ ಹಿಂದೆ ಬಿಡುಗಡೆಯಾದ ಚಿತ್ರಗಳು ಈಗ ಅಮೆರಿಕದಲ್ಲಿ ಹಕ್ಕುಸ್ವಾಮ್ಯದ ಕಟ್ಟಿನಿಂದ ಹೊರಬಂದಿವೆ. ಭಾರತದಲ್ಲೂ ಚಿತ್ರ ಪ್ರಕಟವಾಗಿ 60 ವರ್ಷವಾದರೆ ಆ ಹಕ್ಕು ಮುಗಿಯುತ್ತದೆ. ಊರಿನ ಫಿಲ್ಮ್ ಸೊಸೈಟಿಯೋ ಕಾಲೇಜಿನ ಸಭಾಂಗಣವೋ ಇವನ್ನು ತೋರಿಸಲು ಯಾರ ಪರವಾನಗಿಗೂ ವರ್ಷಗಟ್ಟಲೆ ಕಾಯಬೇಕಿಲ್ಲ. ಒಂದು ಹಾರ್ಮೋನಿಯಂ, ಒಂದು ತಬಲಾ, ಪರದೆ ನೋಡುತ್ತ ನುಡಿಸಬಲ್ಲ ಇಬ್ಬರು ಕಲಾವಿದರು ಸಿಕ್ಕಿದರೆ ಫಾಲ್ಕೆಯ ‘ಕಾಲಿಯ ಮರ್ದನ’ವನ್ನು 1919ರ ಪ್ರೇಕ್ಷಕರು ನೋಡಿದ ಬಗೆಗೆ ತೀರ ಹತ್ತಿರವಾಗಿ ನಮ್ಮ ಯಾವ ತಾಲ್ಲೂಕಿನಲ್ಲಾದರೂ ತೋರಿಸಬಹುದು.